ಕೂದಲು ಉದುರುತ್ತಿದೆಯಾ? ಔಷಧಿಯೋ ಆಪರೇಷನ್ನೋ ಅಂತ ತೀರ್ಮಾನಿಸುವ ಮೊದಲು

ಕನ್ಯಾ ನೋಡಲು ಹೋಗುವ ದಿನ ಗೊತ್ತಾದರೆ ಸಾಕು, ನಮ್ಮ ಕಡೆಯ ಹುಡುಗರು ಕನ್ನಡಿ ಮುಂದೆ ನಿಂತು ಹಣೆ ಅಳೆಯಲು ಶುರು ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾವ ಊರಾದರೂ ಅಷ್ಟೇ. ಮೊಬೈಲ್ ತೆಗೆದರೆ ಎರಡು ಥರದ ಜಾಹೀರಾತು ಬರುತ್ತವೆ. ಒಂದರಲ್ಲಿ ಆಪರೇಷನ್ ಇಲ್ಲದೆ ಕೂದಲು ಬರಿಸುತ್ತೇವೆ ಅಂತಾರೆ. ಇನ್ನೊಂದರಲ್ಲಿ ಒಂದೇ ದಿನದಲ್ಲಿ ಹೊಸ ಕೂದಲು ಕೂರಿಸುತ್ತೇವೆ ಅಂತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ.

ಆದರೆ ಇವು ಒಂದಕ್ಕೊಂದು ಬದಲಿ ಅಲ್ಲ. ಇರುವ ಕೂದಲನ್ನು ಉಳಿಸುವುದು ಔಷಧಿಯ ಕೆಲಸ. ಹಿಂದಲೆಯ ಕೂದಲನ್ನು ಮುಂದಲೆಗೆ ತರುವುದು ಆಪರೇಷನ್ನಿನ, ಅಂದರೆ ಕೂದಲು ನಾಟಿಯ, ಕೆಲಸ. ಆಪರೇಷನ್ ಮಾಡಿಸಿದ ಮಾತ್ರಕ್ಕೆ ಉಳಿದ ಕೂದಲು ಉದುರುವುದು ನಿಲ್ಲುವುದಿಲ್ಲ. ಹಾಗೆಯೇ ನುಣ್ಣಗೆ ಬೋಳಾಗಿ ವರ್ಷಗಳಾದ ಜಾಗದಲ್ಲಿ ಔಷಧಿ ಹಚ್ಚಿ ಪ್ರಯೋಜನವಿಲ್ಲ. ಆದ್ದರಿಂದ ಯಾವುದು ಅನ್ನುವುದಕ್ಕಿಂತ ಯಾವುದು ಮೊದಲು ಅಂತ ನೋಡಬೇಕು. ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಹಂತ 1: ಯಾವ ಥರ ಉದುರುತ್ತಿದೆ ಅಂತ ಗುರುತಿಸಿ

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲು ಇರುತ್ತವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಸುಮಾರು 3 ತಿಂಗಳು ಬೆಳೆಯದೆ ಹಾಗೇ ಇದ್ದು ಉದುರುತ್ತದೆ. ಅದೇ ಬುಡದಿಂದ ಮತ್ತೊಂದು ಹುಟ್ಟುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುವವರಿಗೆ ಆ ದಿನ ಜಾಸ್ತಿ ಕಾಣುತ್ತದೆ. ಏಳು ದಿನದ್ದು ಒಟ್ಟಿಗೆ ಬರುತ್ತದೆ, ಅಲ್ವಾ?

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ದಿನ ತಲೆ ತೊಳೆಯಬೇಡಿ. ಸುಮಾರು 50 ಕೂದಲಿನ ಒಂದು ಕುಚ್ಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆಯಿರಿ. ತಲೆಯ ಮೂರು ನಾಲ್ಕು ಕಡೆ ಹೀಗೆ ಮಾಡಿ. ಪ್ರತಿ ಸಲ ಐದಾರಕ್ಕಿಂತ ಜಾಸ್ತಿ ಕೈಗೆ ಬಂದರೆ ಈಗ ಉದುರುವುದು ಜೋರಾಗಿದೆ ಅಂತ ಅರ್ಥ.

ಇನ್ನು ಉದುರುವ ರೀತಿ ನೋಡಿ.

ಹಣೆಯ ಎರಡೂ ಮೂಲೆ ಹಿಂದೆ ಸರಿಯುವುದು, ನೆತ್ತಿ ತೆಳುವಾಗುವುದು, ಕಿವಿಯ ಸುತ್ತ ಮತ್ತು ಹಿಂದಲೆಯಲ್ಲಿ ಮಾತ್ರ ಕೂದಲು ಗಟ್ಟಿಯಾಗಿ ಉಳಿಯುವುದು ಗಂಡಸರ ವಂಶದ ಬೋಳು. ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನಿನಿಂದ ದೇಹದಲ್ಲಿ ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನು ತಯಾರಾಗುತ್ತದೆ. ಮುಂದಲೆ, ನೆತ್ತಿಯ ಬೇರುಗಳಿಗೆ ಇದು ಒಗ್ಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಕೂದಲು ಸಣ್ಣಗಾಗುತ್ತಾ, ಗಿಡ್ಡಾಗುತ್ತಾ ಕೊನೆಗೆ ರೋಮದಂತೆ ಆಗಿಬಿಡುತ್ತದೆ. ಹಿಂದಲೆಯ ಬೇರುಗಳಿಗೆ ಈ ತೊಂದರೆ ಇಲ್ಲ. ಕೂದಲು ನಾಟಿ ಸಾಧ್ಯವಾಗಿರುವುದೇ ಇದರಿಂದ. ಈ ಬೋಳು ತಾಯಿಯ ಕಡೆಯಿಂದಲೇ ಬರುತ್ತದೆ ಅನ್ನುವ ಮಾತು ಅರ್ಧ ಸತ್ಯ. ಎರಡೂ ಕಡೆಯಿಂದ ಬರಬಹುದು. ಇದನ್ನು ಅಳೆಯಲು ಹ್ಯಾಮಿಲ್ಟನ್ ಅನ್ನುವ ಅಮೆರಿಕದ ಸಂಶೋಧಕ 1951ರಲ್ಲಿ ಮಾಡಿದ ಪಟ್ಟಿಯನ್ನು ನಾರ್ವುಡ್ ಅನ್ನುವ ಡಾಕ್ಟರು 1975ರಲ್ಲಿ ತಿದ್ದಿದರು. ಅದರಲ್ಲಿ 7 ಹಂತಗಳಿವೆ. ಡಾಕ್ಟರು 'ನಿಮ್ಮದು ಗ್ರೇಡ್ 3' ಅಂದರೆ ಅದೇ ಪಟ್ಟಿ.

ಮೂಲೆ ಹಿಂದೆ ಸರಿಯದೆ ಇಡೀ ತಲೆಯಿಂದ ಹಿಡಿ ಹಿಡಿಯಾಗಿ ಉದುರಿದರೆ ಕತೆ ಬೇರೆ. ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯ್ಡ್, ಚಿಕೂನ್‌ಗುನ್ಯಾ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಮನೆಯಲ್ಲಿ ಸಾವು... ಇಂಥ ಪೆಟ್ಟು ಬಿದ್ದಾಗ ಕೂದಲು ಆಗಲೇ ಉದುರುವುದಿಲ್ಲ, ತಡವಾಗಿ ಉದುರುತ್ತದೆ. ಜ್ವರ ಮರೆತೇ ಹೋಗಿರುತ್ತದೆ. ಅಷ್ಟರಲ್ಲಿ ಎಲ್ಲರೂ ಶಾಂಪೂ ಮೇಲೆ, ನೀರಿನ ಮೇಲೆ ತಪ್ಪು ಹೊರಿಸಿರುತ್ತಾರೆ. ಕಾರಣ ಹೋದರೆ ಈ ಥರದ ಉದುರುವಿಕೆ ಸುಮಾರು 6 ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಇದಕ್ಕೆ ಆಪರೇಷನ್ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ನೀರಿನ ಮಾತು ಬಂತು. ಬಾಗಲಕೋಟೆ, ವಿಜಯಪುರದ ಕಡೆ ಬೋರ್‌ವೆಲ್ ನೀರು ಗಡಸು, ನಿಜ. ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ನಡುವೆ ತುಂಡಾಗುತ್ತದೆ. ಆದರೆ ಬೇರು ಸಾಯುವುದಿಲ್ಲ. ಉದುರಿದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದಿದೆ. ಗಂಟು ಇಲ್ಲದಿದ್ದರೆ ಮುರಿದು ಬಿದ್ದಿದೆ. ನೀರಿಗೆ ಹೆದರಿ ಊರು ಬಿಟ್ಟು ಬೆಂಗಳೂರಿಗೆ ಹೋದವರ ಹಣೆಯೂ ದೊಡ್ಡದಾಗಿರುವುದನ್ನು ನೋಡಿದ್ದೇವೆ!

ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾದರೆ, 'ಹುಳ ತಿಂದಿದೆ' ಅಂತ ಊರಲ್ಲಿ ಹೇಳುತ್ತಾರಲ್ಲ, ಅಲ್ಲಿ ಹುಳ ಇರುವುದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಬೇರಿನ ಮೇಲೆ ತಿರುಗಿ ಬಿದ್ದಿರುತ್ತದೆ. ಸಾಮಾನ್ಯವಾಗಿ ಆ ಜಾಗಕ್ಕೆ ಸ್ಟೆರಾಯ್ಡ್ ಸೂಜಿ ಹಾಕುತ್ತಾರೆ. ಉಳ್ಳಾಗಡ್ಡಿ ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆ ಜೊತೆ ತೇಪೆ ಇದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಮುಲಾಮು ಸಾಲದು, ಹೊಟ್ಟೆಗೆ ಔಷಧಿ ಬೇಕು. ಕೂದಲು ಹೋದ ಜಾಗ ಕೆಂಪಾಗಿ, ಉರಿಯುತ್ತಾ, ಗಾಯದ ಕಲೆಯಂತೆ ಹೊಳೆಯುತ್ತಿದ್ದರೆ ತಡ ಮಾಡಬೇಡಿ. ಅಲ್ಲಿ ಬೇರು ಶಾಶ್ವತವಾಗಿ ಸಾಯುತ್ತಿರುತ್ತದೆ.

ಹೆಂಗಸರಲ್ಲಿ ಸಾಮಾನ್ಯವಾಗಿ ಬೈತಲೆ ಅಗಲವಾಗುತ್ತದೆ, ಮುಂದಿನ ಗೆರೆ ಹಾಗೇ ಉಳಿಯುತ್ತದೆ. ಜೊತೆಗೆ ರಕ್ತಹೀನತೆ, ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಇವೆಯೇ ಅಂತ ನೋಡಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದರೆ ಡಾಕ್ಟರಿಗೆ ಹೇಳಲು ನಾಚಬೇಡಿ. ವರ್ಷಗಟ್ಟಲೆ ಬಿಗಿಯಾಗಿ ಜಡೆ ಎಳೆದು ಕಟ್ಟಿದರೂ ಹಣೆಯ ಅಂಚಿನ ಕೂದಲು ಹೋಗುತ್ತದೆ.

ಹಂತ 2: ಚರ್ಮದ ಡಾಕ್ಟರಿಗೆ ತೋರಿಸಿ

ಹೇರ್ ಕ್ಲಿನಿಕ್‌ಗೆ ಮೊದಲು ಹೋಗಬೇಡಿ. ಅಲ್ಲಿ 'ಕೌನ್ಸೆಲರ್' ಅಂತ ಕೂತಿರುವವರು ಬಹಳ ಸಲ ಡಾಕ್ಟರ್ ಆಗಿರುವುದಿಲ್ಲ. ಚರ್ಮರೋಗ ತಜ್ಞರಿಗಾಗಿ ದೂರ ಹೋಗುವುದೂ ಬೇಕಿಲ್ಲ. ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಇದೆ, ಕೆಎಲ್ಇ ಆಸ್ಪತ್ರೆ ಇದೆ. ಬಾಗಲಕೋಟೆಯ ನವನಗರದಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್ ಅಮೀನ್ ಕಾಲೇಜುಗಳಿವೆ. ಇಂಥ ಕಡೆ ಹೊರರೋಗಿ ವಿಭಾಗದ ಚೀಟಿಗೆ ಖರ್ಚು ಕಡಿಮೆ. ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಹೋಗುವಾಗ ಕೂದಲಿಗೆ ಎಣ್ಣೆ ಹಚ್ಚಬೇಡಿ, ಬಣ್ಣ ಹಾಕಬೇಡಿ. ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ನಾಲ್ಕೈದು ವರ್ಷ ಹಿಂದಿನ ಒಂದು ಫೋಟೋ ಇದ್ದರೆ ತುಂಬ ಉಪಯೋಗ. ರಕ್ತ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಬೇಕಾದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ), ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಕೆಲವೊಮ್ಮೆ ವಿಟಮಿನ್ ಡಿ ಮಾಡಿಸುತ್ತಾರೆ. ಕೂದಲಿಗೆ ಅಂತ ಮಾರುವ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ತಿನ್ನುತ್ತಿದ್ದರೆ ಮುಂಚೆಯೇ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನು, ಹೃದಯಾಘಾತ ಕಂಡುಹಿಡಿಯುವ ಟ್ರೊಪೋನಿನ್ ರಿಪೋರ್ಟನ್ನೂ ಏರುಪೇರು ಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಅಷ್ಟಕ್ಕೂ ಬಯೋಟಿನ್ ಕೊರತೆಯೇ ಇಲ್ಲದವರು ಅದನ್ನು ತಿಂದು ಸಿಗುವುದು ಏನೂ ಇಲ್ಲ. ಅದೇ ದುಡ್ಡಿಗೆ ಮೊಟ್ಟೆ, ಶೇಂಗಾ, ಕಾಳು ತಿನ್ನಿ.

ಹಂತ 3: ವಂಶದ ಬೋಳಾದರೆ ಮೊದಲು ಒಂದು ವರ್ಷ ಔಷಧಿ

ವಯಸ್ಸು 30ರ ಒಳಗಿದ್ದರೆ ಈ ಹಂತವನ್ನು ಹಾರಿ ಮುಂದೆ ಹೋಗಲೇಬೇಡಿ.

ಸಾಕಷ್ಟು ಪರೀಕ್ಷೆಗೆ ಒಳಪಟ್ಟ ಔಷಧಿಗಳು ಮುಖ್ಯವಾಗಿ ಎರಡು. ಮೊದಲನೆಯದು ಮಿನಾಕ್ಸಿಡಿಲ್. ಮೂಲದಲ್ಲಿ ಇದು ಬಿಪಿ ಮಾತ್ರೆ. ತಿಂದವರಿಗೆ ಮೈತುಂಬ ರೋಮ ಬಂದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ ಶೇ 5ರ ದ್ರಾವಣ, ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. 60 ಮಿ.ಲೀ. ಬಾಟಲಿ ತಿಂಗಳಿಗೆ ಸರಿಹೋಗುತ್ತದೆ. ಎರಡು ತಿಂಗಳು ಬಂದರೆ ನೀವು ಕಡಿಮೆ ಹಚ್ಚುತ್ತಿದ್ದೀರಿ. ಹೆಂಗಸರಿಗೆ ಪ್ರಮಾಣ ಬೇರೆ, ಡಾಕ್ಟರನ್ನು ಕೇಳಿ. ಬಸುರಿಯರು, ಹಾಲೂಡಿಸುವವರು ಹಚ್ಚಬಾರದು.

ಹಚ್ಚುವ ಕ್ರಮ ಹೀಗೆ. ತಲೆ ಒಣಗಿರಬೇಕು, ಎಣ್ಣೆ ಇರಬಾರದು. ಕೂದಲನ್ನು ಬಿಡಿಸಿ ಔಷಧಿಯನ್ನು ಚರ್ಮಕ್ಕೆ ತಾಗಿಸಿ. ಕೂದಲಿಗೆ ಹಚ್ಚಿದರೆ ವ್ಯರ್ಥ. ಮೆಲ್ಲಗೆ ಸವರಿ, ಕೈ ತೊಳೆಯಿರಿ. ನಾಲ್ಕು ಗಂಟೆ ತಲೆ ತೊಳೆಯಬೇಡಿ. ರಾತ್ರಿ ಹಚ್ಚುವುದಾದರೆ ಮಲಗುವುದಕ್ಕೆ ಎರಡು ಗಂಟೆ ಮುಂಚೆ ಹಚ್ಚಿ, ಇಲ್ಲದಿದ್ದರೆ ದಿಂಬಿಗೆ ಇಳಿದು ಮುಖದ ಮೇಲೆ ರೋಮ ಬರುತ್ತದೆ. ಕೂಸನ್ನು ಎತ್ತಿಕೊಂಡು ತಲೆಗೆ ತಾಗಿಸಿಕೊಳ್ಳಬೇಡಿ. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೂ ಹುಷಾರು: ಮಿನಾಕ್ಸಿಡಿಲ್ ಬೆಕ್ಕುಗಳಿಗೆ ವಿಷ. ನೆಕ್ಕಿದರೆ ಪ್ರಾಣಕ್ಕೇ ಬರುತ್ತದೆ.

ಬಹಳ ಮಂದಿ ಕೈಬಿಡುವುದು ಎರಡನೇ ವಾರದಿಂದ ಎರಡನೇ ತಿಂಗಳ ನಡುವೆ. ಆಗ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತದೆ. ಸುಮ್ಮನಿದ್ದ ಬೇರುಗಳು ಹೊಸ ಕೂದಲು ಹುಟ್ಟಿಸಲು ಹಳೆಯದನ್ನು ತಳ್ಳುತ್ತವೆ, ಅದಕ್ಕೇ ಹೀಗೆ. ಇದು ಔಷಧಿ ಕೆಲಸ ಶುರು ಮಾಡಿದ ಗುರುತು. ಹೆದರಿ ಬಿಟ್ಟರೆ ಉದುರಿದ್ದಷ್ಟೇ ಲಾಭ. ಫಲ ಕಾಣಲು 4ರಿಂದ 6 ತಿಂಗಳು ಬೇಕು. ಎದೆ ಬಡಿತ ಜೋರಾದರೆ, ಕಾಲು ಬಾತರೆ, ತಲೆ ಸುತ್ತಿದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಈಗ ಕಡಿಮೆ ಡೋಸಿನ ಮಿನಾಕ್ಸಿಡಿಲ್ ಮಾತ್ರೆಯನ್ನೂ ಕೊಡುತ್ತಾರೆ. ಬಿಪಿ, ಹೃದಯದ ತೊಂದರೆ ಇರುವವರು ಅದನ್ನು ಅಂಗಡಿಯಿಂದ ನೇರ ತಂದು ನುಂಗುವುದು ಅಪಾಯ.

ಎರಡನೆಯದು ಫಿನಾಸ್ಟರೈಡ್, 1 ಮಿ.ಗ್ರಾಂ ಮಾತ್ರೆ, ದಿನಕ್ಕೊಂದು. ಟೆಸ್ಟೋಸ್ಟೆರಾನ್ ಡಿಎಚ್‌ಟಿ ಆಗುವುದನ್ನೇ ತಡೆಯುತ್ತದೆ. 1992ರಲ್ಲಿ 5 ಮಿ.ಗ್ರಾಂ ಮಾತ್ರೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಊತಕ್ಕೆ ಬಂತು, 1997ರಲ್ಲಿ 1 ಮಿ.ಗ್ರಾಂ ಕೂದಲಿಗೆ. ಮೂಲ ಕಾರಣಕ್ಕೆ ಕೈಹಾಕುವ ಔಷಧಿ ಇದು. ಜನ ಜಾಸ್ತಿ ಹೆದರುವುದೂ ಇದಕ್ಕೇ. ಹೆದರಿಕೆಯನ್ನು ಅಲ್ಲಗಳೆಯುವುದೂ ಬೇಡ, ದೊಡ್ಡದು ಮಾಡುವುದೂ ಬೇಡ. ಕಂಪನಿಯ ಮೊದಲ ಪರೀಕ್ಷೆಗಳಲ್ಲಿ ಲೈಂಗಿಕ ಆಸಕ್ತಿ ಕಡಿಮೆಯಾಗುವಂಥ ತೊಂದರೆ ಶೇ 3.8ರಷ್ಟು ಗಂಡಸರಲ್ಲಿ ಕಂಡಿತ್ತು. ಔಷಧಿಯೇ ಇಲ್ಲದ ಪೊಳ್ಳು ಮಾತ್ರೆ ತಗೊಂಡವರಲ್ಲೂ ಶೇ 2.1ರಷ್ಟು ಮಂದಿಗೆ ಅದೇ ತೊಂದರೆ ಇತ್ತು. ಬಹುತೇಕರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಕೆಲವರು ಬಿಟ್ಟ ಮೇಲೂ ಉಳಿಯಿತು ಅನ್ನುತ್ತಾರೆ. ಮನಸ್ಸು ಕುಗ್ಗುವುದೂ ಉಂಟು. ಸಾಯುವ ಯೋಚನೆ ಬರುವುದನ್ನೂ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಅಡ್ಡಪರಿಣಾಮ ಅಂತ ಒಪ್ಪಿದೆ. ಮೊದಲೇ ಖಿನ್ನತೆ ಇದ್ದವರು ಡಾಕ್ಟರಿಗೆ ಬಿಚ್ಚಿ ಹೇಳಿ.

ಇನ್ನು ಮೂರು ಮಾತು. ಬಸುರಿ ಹೆಂಗಸರು ಇದರ ಒಡೆದ ಮಾತ್ರೆಯನ್ನು ಮುಟ್ಟಲೂಬಾರದು, ಗಂಡು ಭ್ರೂಣಕ್ಕೆ ತೊಂದರೆ. ಮಾತ್ರೆ ಬಿಟ್ಟು ಒಂದು ತಿಂಗಳಾಗುವ ತನಕ ರಕ್ತದಾನ ಮಾಡಬಾರದು. ವಯಸ್ಸಾದವರು ಪ್ರಾಸ್ಟೇಟ್‌ಗೆ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸುವಾಗ ಈ ಮಾತ್ರೆ ತಗೊಳ್ಳುತ್ತಿರುವುದನ್ನು ಹೇಳಲೇಬೇಕು, ಯಾಕೆಂದರೆ ಇದು ಆ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ.

ಎರಡೂ ಔಷಧಿಗಳ ಕಹಿ ಸತ್ಯ ಒಂದೇ: ಬಿಟ್ಟರೆ ಗಳಿಸಿದ್ದೆಲ್ಲ ಕೆಲ ತಿಂಗಳಲ್ಲಿ ಹೋಗುತ್ತದೆ. ಜೀವನಪೂರ್ತಿ ಹಚ್ಚಬೇಕಾ ಅಂತ ಕೇಳಿದರೆ, ಕೂದಲು ಬೇಕು ಅನ್ನುವ ತನಕ ಹಚ್ಚಬೇಕು.

ಪ್ರತಿ ಮೂರು ತಿಂಗಳಿಗೆ ಫೋಟೋ ತೆಗೆಯಿರಿ. ಅದೇ ಕಿಟಕಿ, ಅದೇ ಹೊತ್ತು, ಅಷ್ಟೇ ಉದ್ದದ ಕೂದಲು, ಒಣಗಿದ ತಲೆ. ಮುಂದೆ, ಎರಡು ಮೂಲೆ, ನೆತ್ತಿ. ಕನ್ನಡಿಯನ್ನು ನಂಬಬೇಡಿ, ದಿನವೂ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕಟಿಂಗ್ ಅಂಗಡಿಯವರನ್ನು ಕೇಳಿ. ತಿಂಗಳಿಗೊಮ್ಮೆ ನೆತ್ತಿಯನ್ನು ಮೇಲಿಂದ ನೋಡುವವರು ಅವರೊಬ್ಬರೇ. ಒಂದು ವರ್ಷದಲ್ಲಿ ಕೂದಲು ಮೊದಲಿನಷ್ಟೇ ಉಳಿದಿದ್ದರೆ ಅದು ಸೋಲಲ್ಲ. ಉದುರುವುದು ನಿಂತಿದೆ ಅಂದರೆ ಔಷಧಿ ಗೆದ್ದಿದೆ.

ಹಂತ 4: ಉಳಿದ 'ಆಪರೇಷನ್ ಇಲ್ಲದ' ದಾರಿಗಳು

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ತಲೆಗೆ ಚುಚ್ಚುವುದು. ತಿಂಗಳಿಗೊಂದರಂತೆ ಮೂರು ನಾಲ್ಕು ಸಲ, ಆಮೇಲೆ ಆಗಾಗ. ಕೆಲವರಿಗೆ ಕೂದಲು ದಪ್ಪವಾಗುತ್ತದೆ. ಆದರೆ ಒಬ್ಬೊಬ್ಬರು ಒಂದೊಂದು ರೀತಿ ತಯಾರಿಸುತ್ತಾರೆ, ಫಲವೂ ಹಾಗೇ ಏರುಪೇರು. ಔಷಧಿ ಜೊತೆಗೆ ಆದರೆ ಸರಿ. ಔಷಧಿ ಬಿಟ್ಟು ಇದಕ್ಕೇ ದುಡ್ಡು ಸುರಿಯುವುದು ನನ್ನ ಲೆಕ್ಕದಲ್ಲಿ ಬೇಡದ ಕೆಲಸ. ಲೇಸರ್ ಬಾಚಣಿಗೆ, ಟೋಪಿಗಳ ಕತೆಯೂ ಅಷ್ಟೇ. ಅಲ್ಪಸ್ವಲ್ಪ ಉಪಯೋಗ, ದರ ಜಾಸ್ತಿ.

ಹೇರ್ ಪ್ಯಾಚ್ ಬೇರೆ ವಿಷಯ. ಅದು ಚಿಕಿತ್ಸೆ ಅಲ್ಲ, ಅಂಟಿಸುವ ಕೂದಲು. ಕೀಮೋಥೆರಪಿ ಆದವರಿಗೆ, ನಾಟಿಗೆ ತೆಗೆಯಲು ಹಿಂದಲೆಯಲ್ಲೂ ಕೂದಲಿಲ್ಲದವರಿಗೆ ಒಳ್ಳೆಯದೇ. ಆದರೆ ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಅಂಟಿನ ಕೆಳಗೆ ಬೆವರು ಕೂತು ತುರಿಸುತ್ತದೆ. ಕ್ಲಿಪ್ ಇರುವ ಥರ ಇದ್ದರೆ ರಾತ್ರಿ ತೆಗೆದಿಡಬಹುದು.

ಎಣ್ಣೆ? ಗರಗದ ಸೊಪ್ಪಿನ ಎಣ್ಣೆ, ಕೊಬ್ಬರಿ ಎಣ್ಣೆ ಕೂದಲನ್ನು ಮೆತ್ತಗೆ ಮಾಡುತ್ತವೆ, ಮುರಿಯುವುದನ್ನು ತಡೆಯುತ್ತವೆ. ಅಷ್ಟೇ. ಬೋಳು ತಲೆಯಲ್ಲಿ ಕೂದಲು ಹುಟ್ಟಿಸುತ್ತೇವೆ ಅನ್ನುವವರಿಗೆ ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಜೆ ತೋರಿಸಿ. ವಾಸಿ ಮಾಡುತ್ತೇವೆ ಅಂತ ಔಷಧಿಯ ಮೇಲೆ ಬರೆದುಕೊಳ್ಳಬಾರದ ತೊಂದರೆಗಳ ಪಟ್ಟಿಯಲ್ಲಿ ಬೋಳುತನವೂ ಇದೆ.

ಹಂತ 5: ಆಪರೇಷನ್ ನಿಮಗೆ ಹೊಂದುತ್ತದಾ?

ಉಳ್ಳಾಗಡ್ಡಿ ಸಸಿಯನ್ನು ಒಂದು ಮಡಿಯಿಂದ ಕಿತ್ತು ಇನ್ನೊಂದರಲ್ಲಿ ನೆಟ್ಟ ಹಾಗೆ ಇದು. ಸಸಿ ಹೊಸದಾಗಿ ಹುಟ್ಟುವುದಿಲ್ಲ, ಜಾಗ ಬದಲಾಗುತ್ತದೆ. ಹಿಂದಲೆಯ ಬೇರು ಮುಂದಲೆಗೆ ಬಂದರೂ ತನ್ನ ಗುಣ ಬಿಡುವುದಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಓರೆಂಟ್ರೈಕ್ ಇದನ್ನು ತೋರಿಸಿಕೊಟ್ಟರು.

ತೆಗೆಯುವ ರೀತಿ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿ ತೆಗೆದು ಹೊಲಿಯುತ್ತಾರೆ. ಗೆರೆಯಂಥ ಕಲೆ ಉಳಿಯುತ್ತದೆ, ಕೂದಲು ತೀರಾ ಗಿಡ್ಡ ಮಾಡಿಸಿದರೆ ಕಾಣುತ್ತದೆ. ಎಫ್‌ಯುಇಯಲ್ಲಿ 1 ಮಿ.ಮೀ. ಆಸುಪಾಸಿನ ಕೊಳವೆಯಿಂದ ಒಂದೊಂದೇ ಬೇರು ತೆಗೆಯುತ್ತಾರೆ. ಚುಕ್ಕೆ ಚುಕ್ಕೆ ಕಲೆ, ಅಷ್ಟಾಗಿ ಕಾಣುವುದಿಲ್ಲ. ಈಗ ಹೆಚ್ಚು ನಡೆಯುವುದು ಇದೇ. ಡಿಎಚ್‌ಐ ಅನ್ನುವುದು ನೆಡಲು ಬಳಸುವ ಪೆನ್ನಿನಂಥ ಸಲಕರಣೆಯ ವ್ಯತ್ಯಾಸ ಮಾತ್ರ. ಒಂದು ಗ್ರಾಫ್ಟ್ ಅಂದರೆ ಒಂದು ಕೂದಲಲ್ಲ, ಒಂದರಿಂದ ನಾಲ್ಕು ಕೂದಲಿನ ಗೊಂಚಲು. 'ಇಷ್ಟು ಸಾವಿರ ಕೂದಲು' ಅನ್ನುವವರಿಗೂ 'ಇಷ್ಟು ಸಾವಿರ ಗ್ರಾಫ್ಟ್' ಅನ್ನುವವರಿಗೂ ಲೆಕ್ಕದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರುತ್ತದೆ. ಕೇಳಿ ಖಚಿತ ಮಾಡಿಕೊಳ್ಳಿ.

ಹಿಂದಲೆಯ ದಾಸ್ತಾನು ಮಿತಿಯದ್ದು. ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. 'ಅನ್‌ಲಿಮಿಟೆಡ್ ಗ್ರಾಫ್ಟ್' ಅಂತ ಬೋರ್ಡು ಹಾಕಿದವರ ಅಂಗಡಿಯ ಮುಂದೆ ನಿಲ್ಲಲೂಬೇಡಿ.

ಈಗ 24ರ ಹುಡುಗನ ವಿಷಯ. ಮೂಲೆ ಎರಡೂ ಹೋಗಿವೆ. ಮದುವೆ ಮಾತು ನಡೆದಿದೆ. ಔಷಧಿ ಬೇಡ, ಒಂದೇ ಸಲ ಮುಗಿಸಿಬಿಡೋಣ ಅಂತಾನೆ. ಹಣೆಯ ಗೆರೆ ಹತ್ತನೇ ಕ್ಲಾಸಿನಲ್ಲಿ ಇದ್ದ ಹಾಗೆ ಕೆಳಗೆ ಬೇಕು. ಮಾಡಿಕೊಟ್ಟರು ಅಂದುಕೊಳ್ಳಿ. ಮದುವೆ ಫೋಟೋ ಚೆನ್ನಾಗಿ ಬಂತು. ಅವನ ಬೋಳು ಮಾತ್ರ ನಿಂತಿಲ್ಲ. 32ಕ್ಕೆ ನಾಟಿಯ ಹಿಂದಿನ ಕೂದಲೆಲ್ಲ ಹೋಯಿತು. ಮುಂದೆ ಒಂದು ಸಾಲು, ಅದರ ಹಿಂದೆ ಬಯಲು, ಅದರ ಹಿಂದೆ ಮತ್ತೆ ಕೂದಲು. ತುಂಬಿಸೋಣ ಅಂದರೆ ದಾಸ್ತಾನು ಆಗಲೇ ಖರ್ಚಾಗಿದೆ. ಸುಮ್ನೆ ಬೋಳಾಗಿದ್ದರೂ ಇದಕ್ಕಿಂತ ಚೆನ್ನಾಗಿ ಕಾಣುತ್ತಿದ್ದ.

ಹಾಗಾದರೆ ಯಾರಿಗೆ ಹೊಂದುತ್ತದೆ? ಬೋಳು ಒಂದು ರೂಪಕ್ಕೆ ಬಂದು ನಿಂತವರಿಗೆ. ಔಷಧಿಯಿಂದ ಉಳಿದದ್ದು ಗಟ್ಟಿಯಾದವರಿಗೆ. ಹಿಂದಲೆ ದಟ್ಟ ಇರುವವರಿಗೆ. ಆಪರೇಷನ್ ಆದ ಮೇಲೂ ಔಷಧಿ ಮುಂದುವರಿಸಲು ಒಪ್ಪುವವರಿಗೆ. ಸುಟ್ಟ ಗಾಯದ, ಅಪಘಾತದ ಕಲೆಯ ಮೇಲೆ ಕೂದಲು ಬೇಕಾದವರಿಗೂ ಮಾಡಬಹುದು. ಜ್ವರದ ನಂತರದ ಉದುರುವಿಕೆ, ತೇಪೆ ಬೋಳು, ಉರಿಯುತ್ತಿರುವ ತಲೆಚರ್ಮ ಇದ್ದವರಿಗೆ ಬೇಡ. ಹೆಂಗಸರಲ್ಲಿ ಬಹಳ ಮಂದಿಗೆ ಹಿಂದಲೆಯೂ ತೆಳುವಾಗಿರುವುದರಿಂದ ಹೊಂದುವುದು ಕಡಿಮೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರಬೇಕು. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು. ರಕ್ತನಾಳ ಕಿರಿದಾದರೆ ನೆಟ್ಟ ಬೇರಿಗೆ ರಕ್ತ ಸಿಗುವುದಿಲ್ಲ.

ಹಂತ 6: ಯಾರ ಕೈಗೆ ತಲೆ ಕೊಡುತ್ತೀರಿ ಅಂತ ನೋಡಿ

ಬೆಳಗಾವಿಯವರು ಹುಬ್ಬಳ್ಳಿ, ಪುಣೆಗೆ, ವಿಜಯಪುರದವರು ಸೊಲ್ಲಾಪುರ, ಮಿರಜಕ್ಕೆ ಹೋಗುವುದು ರೂಢಿ. ಊರು ಯಾವುದಾದರೂ ಪರವಾಗಿಲ್ಲ, ಕೇಳುವ ಪ್ರಶ್ನೆ ಅವೇ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಕೂದಲು ನಾಟಿಗೆ ಮಾರ್ಗಸೂಚಿ ಹೊರಡಿಸಿತು. ತರಬೇತಿ ಪಡೆದ ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್‌ಗಳಂಥವರೇ ಮಾಡಬೇಕು, ವರ್ಕ್‌ಶಾಪಿನಲ್ಲಿ ಕೂತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಅಂತ ಅದು ಹೇಳುತ್ತದೆ. ಹೀಗೆ ಬರೆಯಬೇಕಾಗಿ ಬಂತು ಅಂದರೆ ಪರಿಸ್ಥಿತಿ ಹೇಗಿತ್ತು ಯೋಚಿಸಿ. ಕಾನ್ಪುರದಲ್ಲಿ ಕೂದಲು ನಾಟಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರ್‌ಗಳು ಸತ್ತ ವಿಷಯ 2025ರಲ್ಲಿ ದೇಶದ ತುಂಬ ಸುದ್ದಿಯಾಗಿತ್ತು.

ಡಾಕ್ಟರರ ಹೆಸರು, ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಹುಡುಕಿ. ಕರ್ನಾಟಕದ ಕ್ಲಿನಿಕ್ ಆದರೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಕಾಣಬೇಕು. ಆಮೇಲೆ ನೇರವಾಗಿ ಕೇಳಿ: ಮರಗಟ್ಟಿಸುವ ಸೂಜಿ ಕೊಡುವವರು ಯಾರು? ಬೇರು ತೆಗೆಯುವವರು ಯಾರು? ನೆಡಲು ರಂಧ್ರ ಮಾಡುವವರು ಯಾರು? ಆಪರೇಷನ್ ನಡೆಯುವ ಆರು ಗಂಟೆಯೂ ನೀವು ಒಳಗೆ ಇರುತ್ತೀರಾ?

ಮರಗಟ್ಟಿಸುವ ಸೂಜಿಯ ಬಗ್ಗೆ ಯಾರೂ ಕೇಳುವುದಿಲ್ಲ, ಅಪಾಯ ಇರುವುದು ಅಲ್ಲೇ. ಇಡೀ ತಲೆಗೆ ಲಿಗ್ನೋಕೇನ್ ಕೊಡಬೇಕಾಗುತ್ತದೆ. ಅದಕ್ಕೆ ತೂಕದ ಲೆಕ್ಕದಲ್ಲಿ ಮಿತಿ ಇದೆ: ಅಡ್ರಿನಲಿನ್ ಸೇರಿಸಿದ್ದಾದರೆ ಕಿಲೋಗೆ 7 ಮಿ.ಗ್ರಾಂ. ಮೀರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ನಿಮ್ಮ ತೂಕವನ್ನೇ ಕೇಳದ ಕ್ಲಿನಿಕ್ ಆದರೆ ಎದ್ದು ಬನ್ನಿ. ಆಮ್ಲಜನಕ, ತುರ್ತು ಔಷಧಿ, ಹತ್ತಿರದಲ್ಲಿ ಐಸಿಯು ಇದೆಯಾ ಅಂತಲೂ ಕೇಳಿ. ಒಪ್ಪಿಗೆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿ ಇರಲಿ.

ಹಂತ 7: ದುಡ್ಡಿನ ಲೆಕ್ಕ ಕಾಗದದ ಮೇಲೆ ಹಾಕಿ

ಗ್ರಾಫ್ಟ್‌ಗೆ 40 ರೂಪಾಯಿ ಅಂದುಕೊಳ್ಳಿ. 2,500 ಗ್ರಾಫ್ಟ್‌ಗೆ 1 ಲಕ್ಷ. ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲದಿದ್ದರೂ ಬೋಳಿಗೆ ಮಾಡಿಸುವ ಕೂದಲು ನಾಟಿಗೆ ಆ ರಿಯಾಯಿತಿ ಇಲ್ಲ. ಶೇ 18 ಸೇರಿ 1,18,000. ಅಂದಕ್ಕೆ ಮಾಡಿಸುವ ಆಪರೇಷನ್ ಆದ್ದರಿಂದ ಆರೋಗ್ಯ ವಿಮೆಯೂ ಸಿಗುವುದಿಲ್ಲ. ಇನ್ನು ಔಷಧಿ ತಿಂಗಳಿಗೆ 1,000 ಅಂತ ಹಿಡಿದರೆ ಹತ್ತು ವರ್ಷಕ್ಕೆ 1,20,000. ಎರಡೂ ಒಂದೇ ಆಯಿತಲ್ಲ ಅನ್ನಬೇಡಿ. ಆಪರೇಷನ್ ಮಾಡಿಸಿದವರು ಎರಡನ್ನೂ ಕೊಡುತ್ತಾರೆ. ಸಾಲ, ಇಎಂಐ ಮಾಡುವ ಮೊದಲು ಈ ಕೂಡಿದ ಮೊತ್ತ ನೋಡಿ. ಔಷಧಿಯ ಖರ್ಚು ಇಳಿಸಬೇಕಾದರೆ ಅದೇ ಔಷಧಿಯ ಕಡಿಮೆ ದರದ ಬ್ರಾಂಡ್ ಬರೆಯಿರಿ ಅಂತ ಡಾಕ್ಟರಿಗೇ ಹೇಳಬಹುದು.

ಹಂತ 8: ದಿನ ಗೊತ್ತು ಮಾಡಿ, ಆಮೇಲೆ ಕಾಯಿರಿ

ಮದುವೆಗೆ ಒಂದು ತಿಂಗಳು ಮುಂಚೆ ಮಾಡಿಸಬೇಡಿ. ನೆಟ್ಟ ಕೂದಲು ಎರಡರಿಂದ ನಾಲ್ಕನೇ ವಾರದಲ್ಲಿ ಬಹುತೇಕ ಉದುರಿಹೋಗುತ್ತದೆ. ಬೇರು ಒಳಗೆ ಇರುತ್ತದೆ. ಮೂರು ನಾಲ್ಕನೇ ತಿಂಗಳಿಂದ ಮತ್ತೆ ಹುಟ್ಟುತ್ತದೆ, ಪೂರ್ತಿ ರೂಪ ಬರಲು 12 ತಿಂಗಳು ಬೇಕು. ಅಂದರೆ ಮುಹೂರ್ತಕ್ಕೆ ಒಂದು ವರ್ಷ ಮೊದಲು. ಇಲ್ಲವೇ ಮದುವೆ ಮುಗಿದ ಮೇಲೆ.

ಋತು ಕೂಡ ನೋಡಿ. ನಮ್ಮ ಕಡೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು, ಬಿಸಿಲು ಬೆವರು ಕಡಿಮೆ. ಆದರೆ ಜಾತ್ರೆಗಳೂ ಆಗಲೇ. ಬನಶಂಕರಿ ಜಾತ್ರೆಯ ನೂಕುನುಗ್ಗಲು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಧೂಳು ಹಸಿ ಗಾಯಕ್ಕೆ ಒಳ್ಳೆಯದಲ್ಲ. ಸವದತ್ತಿ ಎಲ್ಲಮ್ಮನಿಗೋ ಚಿಂಚಲಿ ಮಾಯಕ್ಕನಿಗೋ ಹೋಗುವ ಹರಕೆ ಇದ್ದರೆ ಒಂದು ತಿಂಗಳು ಮುಂದೆ ಹಾಕಿ. ಅಲ್ಲಿ ಎರಚುವ ಭಂಡಾರ (ಅರಿಶಿನ ಪುಡಿ) ತಲೆಯ ಮೇಲೆ ಬೀಳದೆ ಇರುತ್ತದಾ?

ಮೊದಲ ಮೂರು ದಿನ ನೆಟ್ಟ ಜಾಗ ಮುಟ್ಟಬೇಡಿ. ತಲೆ ಎತ್ತರಿಸಿ ಮಲಗಿ. ಕ್ಲಿನಿಕ್‌ನವರು ಕೊಟ್ಟ ಉಪ್ಪುನೀರು ಸಿಂಪಡಿಸಿ. ಮೂರು ನಾಲ್ಕನೇ ದಿನ ಹಣೆ, ಕಣ್ಣಿನ ಸುತ್ತ ಬಾತುಕೊಳ್ಳಬಹುದು. ಅದು ತಾನಾಗಿ ಇಳಿಯುತ್ತದೆ. ಗಾಯದ ಹಕ್ಕಳೆ 7ರಿಂದ 10 ದಿನಕ್ಕೆ ಉದುರುತ್ತದೆ, ಕೆರೆದು ಕೀಳಬೇಡಿ. ಬೇರೆ ಊರಿಂದ ಬರುವಾಗ ಬೈಕು ಬೇಡ. ಎರಡು ವಾರ ಹೆಲ್ಮೆಟ್ ಹಾಕುವ ಹಾಗಿಲ್ಲ, ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವ ಹಾಗೂ ಇಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಗುಂಡಿಗೊಮ್ಮೆ ತಲೆ ಬಡಿಸಿಕೊಳ್ಳುವುದೂ ಬೇಡ. ಜಿಮ್, ಭಾರ ಎತ್ತುವುದು ಕೆಲ ವಾರ ನಿಲ್ಲಲಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯಲ್ಲಿ ಈಜುವುದು ಒಂದು ತಿಂಗಳು ಬೇಡ.

ಜ್ವರ, ಕೀವು, ಹೆಚ್ಚುತ್ತಾ ಹೋಗುವ ನೋವು, ನೆಟ್ಟ ಜಾಗ ಕಪ್ಪಾಗುವುದು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಬಂದರೂ ಬೆಳಗಾಗುವ ತನಕ ಕಾಯಬೇಡಿ. ಕ್ಲಿನಿಕ್‌ನವರು ಫೋನ್ ಎತ್ತದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಗೆ ಹೊರಡುವ ಮೊದಲು ಒಂದು ಕಾಗದ ಕೇಳಿ ತಗೊಳ್ಳಿ. ಎಷ್ಟು ಗ್ರಾಫ್ಟ್ ತೆಗೆದರು, ಎಲ್ಲಿಂದ ತೆಗೆದರು, ಎಲ್ಲಿ ಎಷ್ಟು ನೆಟ್ಟರು, ಯಾವ ಔಷಧಿ ಎಷ್ಟು ಕೊಟ್ಟರು, ಮಾಡಿದ ಡಾಕ್ಟರ್ ಯಾರು ಎಲ್ಲವೂ ಅದರಲ್ಲಿ ಇರಲಿ. ಮುಂದೆ ಎರಡನೇ ಸಲ ಬೇಕಾದರೆ, ಹಿಂದಲೆಯಲ್ಲಿ ಇನ್ನು ಎಷ್ಟು ಉಳಿದಿದೆ ಅಂತ ಹೊಸ ಡಾಕ್ಟರು ಲೆಕ್ಕ ಹಾಕುವುದು ಅದೇ ಕಾಗದ ನೋಡಿ.